ದೊಡ್ಡಪತ್ರೆ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯಲಿಲ್ಲ, ಹಾಗಾದ್ರೆ ಅದು ಆಂಟಿಬಯೋಟಿಕ್ಕಾ?

ಅಷ್ಟು ಬೇಗ ಹಾಗೆ ಹೇಳೋಕಾಗಲ್ಲ. ಇದು ಮೊದಲ ಹಂತ ಅಷ್ಟೇ.

ಅಗರ್ ತಟ್ಟೆ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದಾರ್ಥ ಹಾಕಿದ ತಟ್ಟೆ) ಮೇಲೆ ಬ್ಯಾಕ್ಟೀರಿಯಾ ಸವರಿ, ಸಾರ ಹೀರಿದ 6 ಮಿ.ಮೀ. ಕಾಗದದ ಬಿಲ್ಲೆ ಇಟ್ಟು, 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಬಿಟ್ಟಾಗ ಸುತ್ತ ಖಾಲಿ ವೃತ್ತ ಬಂತು, ಸರಿ. ಆದರೆ ಎಲೆಯನ್ನು ಎಥನಾಲ್‌ನಲ್ಲಿ ನೆನೆಸಿದ್ರಿ ಅಲ್ವಾ? ಅದೂ ಬ್ಯಾಕ್ಟೀರಿಯಾ ಕೊಲ್ಲುವ ಆಲ್ಕೋಹಾಲೇ. ಹಾಗಾದ್ರೆ ತಡೆದದ್ದು ಎಲೆಯೋ ಎಥನಾಲೋ? ಬರೀ ಎಥನಾಲ್ ಹಾಕಿದ ಬಿಲ್ಲೆಯನ್ನೂ, ಗೊತ್ತಿರುವ ಆಂಟಿಬಯೋಟಿಕ್ ಬಿಲ್ಲೆಯನ್ನೂ ಹೋಲಿಕೆಗೆ ಪಕ್ಕದಲ್ಲಿ ಇಡಲೇಬೇಕು.

ವೃತ್ತದ ಅಗಲ ನೋಡಿ ಸುಮ್ನೆ ಶಕ್ತಿ ಅಳೆಯಬೇಡಿ. ದೊಡ್ಡಪತ್ರೆಯಲ್ಲಿರುವ ಕಾರ್ವಕ್ರಾಲ್, ಥೈಮಾಲ್ ಎಂಬ ಬ್ಯಾಕ್ಟೀರಿಯಾ ತಡೆಯುವ ರಾಸಾಯನಿಕಗಳು ಎಣ್ಣೆಯಂಥವು, ನೀರೇ ಜಾಸ್ತಿ ಇರುವ ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಹಾಗಾಗಿ ಒಳ್ಳೆಯ ಸಾರಕ್ಕೂ ಸಣ್ಣ ವೃತ್ತ ಬರಬಹುದು. ಸಾರವನ್ನು ಅರ್ಧರ್ಧ ತೆಳುಮಾಡುತ್ತಾ ಬ್ಯಾಕ್ಟೀರಿಯಾ ಬೆಳೆಯುವ ದ್ರವದಲ್ಲಿ ಪರೀಕ್ಷಿಸಿ, ಬೆಳವಣಿಗೆ ನಿಲ್ಲಿಸುವ ಅತಿ ಕಡಿಮೆ ಪ್ರಮಾಣ ಕಂಡುಹಿಡಿಯಿರಿ. ಬ್ಯಾಕ್ಟೀರಿಯಾ ಬೆಳೆಯದೆ ತಿಳಿಯಾಗಿ ಉಳಿದ ದ್ರವದಿಂದ ಸ್ವಲ್ಪ ತೆಗೆದು ಹೊಸ ಅಗರ್ ಮೇಲೆ ಹಚ್ಚಿ: ಮತ್ತೆ ಬೆಳೆದರೆ ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಬರೀ ತಡೆಯಲ್ಪಟ್ಟಿತ್ತು.

ಮಲೆನಾಡಲ್ಲಿ ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ಸಾರ ಒಂದೇ ಇರಬೇಕೆಂದಿಲ್ಲ. ತೀರ್ಥಹಳ್ಳಿಯದೋ ಸಾಗರದ್ದೋ, ಯಾವ ತಿಂಗಳು ಕಿತ್ತದ್ದು ಅಂತ ಬರೆದಿಡಿ. ಗಿಡದ ಗುರುತನ್ನು ಸಸ್ಯಶಾಸ್ತ್ರ ಗೊತ್ತಿರುವವರಿಂದಲೇ ಖಚಿತ ಮಾಡಿಸಿ.