ಕೀಟನಾಶಕ ಕಂಪನಿಯ ಶೇರು ಕೊಳ್ಳುವ ಮೊದಲು ವಿಷದ ಅಪಾಯವನ್ನು ಅಳೆಯುವುದು ಹೇಗೆ?

ಎರಡು ಲಕ್ಷ ಉಳಿಸಿದ್ದೀರಿ, ಒಂದು ಕೀಟನಾಶಕ ಕಂಪನಿಯ ಶೇರು ಕಣ್ಣಿಗೆ ಬಿದ್ದಿದೆ, ಲಾಭವೂ ಚೆನ್ನಾಗಿದೆ. ಆದರೆ ವಿಷದ ಅಪಾಯವನ್ನು ಯಾವ ಲೆಕ್ಕದಲ್ಲಿ ನೋಡಬೇಕು ಅಂತ ಕೇಳಿದ್ದೀರಿ. ನಾನು ಕಾಸರಗೋಡಿನ ಎಣ್ಮಕಜೆ ಕಡೆಯವಳು. ಲೆಕ್ಕ ಬರೆಯುವುದೇ ನನ್ನ ಕೆಲಸ. ಈ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ನಮ್ಮ ಗುಡ್ಡೆಗಳ ಗೇರು ತೋಟಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. ಗೇರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಮದ್ದು ಅಂತ. ಗೇರು ಗುಡ್ಡೆಯ ಮೇಲೆ; ಮನೆ, ಬಾವಿ, ತೋಡು ಎಲ್ಲ ಕೆಳಗೆ. ಕುಡಿಯುವ ನೀರಿನ ಸುರಂಗಗಳು ಅದೇ ಗುಡ್ಡೆಯೊಳಗೆ. ಆ ವರ್ಷಗಳ ಲೆಕ್ಕದಲ್ಲಿ ಇದು ಹೇಗೆ ಬಂದಿರುತ್ತದೆ? ತೋಟದ ಪುಸ್ತಕದಲ್ಲಿ ಮದ್ದಿನ ಖರ್ಚು, ಹಾರಾಟದ ಖರ್ಚು. ಮದ್ದು ಮಾರಿದವರ ಪುಸ್ತಕದಲ್ಲಿ ಮಾರಾಟ, ಲಾಭ. ಕುತ್ತಿಗೆ ನಿಲ್ಲದೆ ಚಾಪೆಯಲ್ಲೇ ಬೆಳೆದ ಮಕ್ಕಳು ಯಾವ ಪುಟದಲ್ಲೂ ಇರಲಿಲ್ಲ.

ಈಗ ನಿಮ್ಮ ಕಂಪನಿಗೆ ಬರೋಣ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ, ಪರಿಸರ ಮತ್ತು ಸಮಾಜದ ಹೊಣೆಯ ವರದಿ ಕೊಡಲೇಬೇಕು ಅಂತ ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ನಿಯಮ ಮಾಡಿದೆ. ಅದರಲ್ಲಿ ಪರಿಸರದ ಬಗ್ಗೆ ಇರುವ ಆರನೇ ತತ್ವದ ಭಾಗ ತೆರೆಯಿರಿ. ಅಪಾಯಕಾರಿ ತ್ಯಾಜ್ಯ ಎಷ್ಟು ಟನ್ ಅಂತ ಇರುತ್ತದೆ. ವಿಷಕಾರಿ ರಾಸಾಯನಿಕ ಕಡಿಮೆ ಮಾಡಲು ಏನು ಮಾಡುತ್ತಿದ್ದೀರಿ ಎಂಬ ಪ್ರಶ್ನೆಗೂ ಅವರು ಉತ್ತರ ಬರೆದಿರಬೇಕು. ಅಲ್ಲಿ ಬರೀ ಒಳ್ಳೆಯ ಮಾತುಗಳೇ ಇದ್ದು ಒಂದೂ ಅಂಕಿ ಇಲ್ಲದಿದ್ದರೆ ನಾನು ಮುಂದೆ ಓದುವುದಿಲ್ಲ.

ಆದರೆ ಒಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ನಮ್ಮೂರಿಗೆ ಬಂದದ್ದು ತ್ಯಾಜ್ಯ ಅಲ್ಲ, ಸರಕು. ಬಿಲ್ಲು ಹಾಕಿ ಮಾರಿದ ಸರಕು. ತ್ಯಾಜ್ಯದ ಕಾಲಮ್ಮಿನಲ್ಲಿ ಅದು ಯಾವತ್ತೂ ಕಾಣುತ್ತಿರಲಿಲ್ಲ. ಅದಕ್ಕೇ ಮಾರುವ ವಸ್ತುವಿನೊಳಗೆ ತುಂಬಾ ಅಪಾಯಕಾರಿ ರಾಸಾಯನಿಕ ಎಷ್ಟು ಕಿಲೋ ಇದೆ ಅಂತ ಲೆಕ್ಕ ಹಾಕುವ ಒಂದು ಕ್ರಮ ಇದೆ, ಕೆಮಿಕಲ್ ಫುಟ್‌ಪ್ರಿಂಟ್ ಅನ್ನುತ್ತಾರೆ. ನನಗೆ ಇದೇ ಸರಿಯಾದ ಅಳತೆ ಅನ್ನಿಸುತ್ತದೆ. ವರ್ಷದಿಂದ ವರ್ಷಕ್ಕೆ ಆ ತೂಕ ಇಳಿಯುತ್ತಿದೆಯೋ ಏರುತ್ತಿದೆಯೋ ನೋಡಬೇಕು, ಅಲ್ವಾ?

ಕಂಪನಿ ಆ ಅಂಕಿ ಕೊಡದಿದ್ದರೆ, ಅದು ಮಾರುವ ಮದ್ದುಗಳ ಹೆಸರು ಬರೆದುಕೊಳ್ಳಿ. ಕೀಟನಾಶಕಗಳ ಮೇಲೆ ಕಣ್ಣಿಡುವ ಪ್ಯಾನ್ ಇಂಟರ್‌ನ್ಯಾಷನಲ್ ಎಂಬ ಸಂಘಟನೆಯವರ ಅತಿ ಅಪಾಯಕಾರಿ ಕೀಟನಾಶಕಗಳ ಪಟ್ಟಿ ಪುಕ್ಕಟೆ ಸಿಗುತ್ತದೆ. ಎದುರು ಬದುರು ಇಟ್ಟು ಗುರುತು ಹಾಕಿ. ಡಬ್ಬದ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತನ್ನೇ ನಂಬಬೇಡಿ. ಆ ಬಣ್ಣ ಹೇಳುವುದು ಎಷ್ಟು ಪ್ರಮಾಣ ಒಳಗೆ ಹೋದರೆ ಕೂಡಲೇ ಸಾವು ಅನ್ನುವುದನ್ನು. ಇಪ್ಪತ್ತು ವರ್ಷ ಸ್ವಲ್ಪ ಸ್ವಲ್ಪ ಮೈಗೆ ಸೇರಿದರೆ ಏನಾಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ.

ದುಡ್ಡಿನ ಅಪಾಯವೂ ಇಲ್ಲೇ ಇದೆ. 2011ರ ಏಪ್ರಿಲ್‌ನಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ, ಅಂದರೆ ಬೇಗ ಕರಗದ ವಿಷಗಳನ್ನು ತೊಲಗಿಸುವ ಅಂತಾರಾಷ್ಟ್ರೀಯ ಒಪ್ಪಂದದ, ಪಟ್ಟಿಗೆ ಸೇರಿತು. ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. ಆದಾಯವೆಲ್ಲ ಒಂದೆರಡು ಹಳೇ ಮದ್ದಿನಿಂದಲೇ ಬರುವ ಕಂಪನಿಗೆ ಇಂಥ ಒಂದು ದಿನ ಸಾಕು. ಜರ್ಮನಿಯ ಬೇಯರ್ ಕಂಪನಿ 2018ರಲ್ಲಿ ಸುಮಾರು 6,300 ಕೋಟಿ ಡಾಲರ್ ಕೊಟ್ಟು ಅಮೆರಿಕದ ಮೊನ್ಸಾಂಟೊ ಕಂಪನಿ ಕೊಂಡಿತು. ಮೊನ್ಸಾಂಟೊದ ರೌಂಡಪ್ ಕಳೆನಾಶಕದಿಂದ ಕ್ಯಾನ್ಸರ್ ಬಂತು ಅಂತ ಜನ ಹಾಕಿದ ಕೇಸುಗಳು ಜೊತೆಗೇ ಬಂದವು. 2020ರಲ್ಲಿ ರಾಜಿಗೆ ಅಂತ 1,000 ಕೋಟಿ ಡಾಲರಿಗೂ ಜಾಸ್ತಿ ಎತ್ತಿಡಬೇಕಾಯಿತು. ಹಾಗಾಗಿ ವಾರ್ಷಿಕ ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಕಂಟಿಂಜೆಂಟ್ ಲಯಬಿಲಿಟಿ ಟಿಪ್ಪಣಿ, ಅಂದರೆ ಕೇಸು ಸೋತರೆ ಮುಂದೆ ಕಟ್ಟಬೇಕಾಗಿ ಬರಬಹುದಾದ ಹಣದ ವಿವರ, ಬಿಡದೆ ಓದಿ.

ಇಷ್ಟಾದರೂ ಸಂಶಯ ಉಳಿದರೆ ಕಂಪನಿಯ ಹೂಡಿಕೆದಾರರ ವಿಭಾಗಕ್ಕೆ ಒಂದು ಮೇಲ್ ಹಾಕಿ, ಪ್ಯಾನ್ ಪಟ್ಟಿಯಲ್ಲಿರುವ ಮದ್ದುಗಳ ಪಾಲು ಮಾರಾಟದಲ್ಲಿ ಎಷ್ಟು ಅಂತ ಕೇಳಿ. ನಾನು ಒಂದು ತ್ರೈಮಾಸಿಕ ಕಾಯುತ್ತೇನೆ. ಉತ್ತರ ಬರದಿದ್ದರೆ ಕೊಳ್ಳುವುದಿಲ್ಲ. ಇಲ್ಲಿಯ ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳ ಸರ್ಕಾರಕ್ಕೆ. ಆ ಮದ್ದಿನ ಲಾಭ ಅಷ್ಟೊತ್ತಿಗೆ ಯಾರ ಯಾರದೋ ಡಿವಿಡೆಂಡ್ ಆಗಿ ಹಂಚಿ ಹೋಗಿತ್ತು.