ವಿಯೆನ್ನಾದ ಕೆಫೆಗಳಲ್ಲಿ ಕೂತು ಬೆಂಗಳೂರಿನ ಆಫೀಸ್ ಕೆಲಸ ಮಾಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಮಾರ್ಚ್, ಏಪ್ರಿಲ್ ಎರಡು ತಿಂಗಳು ವಿಯೆನ್ನಾದಲ್ಲಿ ತಂಗಿಯ ಮನೆಯಲ್ಲಿ ಇರುತ್ತೀರಿ, ಮನೆ ಚಿಕ್ಕದು, ಬೆಂಗಳೂರಿನ ತಂಡದ ಜೊತೆ ಕೆಲಸ ನಿಲ್ಲುವ ಹಾಗಿಲ್ಲ, ದಿನವೂ ಕೆಫೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ನಡೆಯುತ್ತದೆಯೇ ಎಂದು. ನಡೆಯುತ್ತದೆ. ಆದರೆ ಕೆಫೆಗೆ ಒಯ್ಯಬೇಕಾದ್ದು ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ ಮಾತ್ರ. ಮೀಟಿಂಗ್‌ಗಳನ್ನು ಮನೆಯಲ್ಲೇ ಮುಗಿಸಿ ಹೊರಡಿ. ಇದು ಬರೀ ಶಿಷ್ಟಾಚಾರದ ಮಾತಲ್ಲ, ಗಡಿಯಾರವೂ ಅದನ್ನೇ ಹೇಳುತ್ತದೆ.

ಚಳಿಗಾಲದಲ್ಲಿ ವಿಯೆನ್ನಾ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಬೆಂಗಳೂರಿನ ಬೆಳಿಗ್ಗೆ 10 ಗಂಟೆ ಎಂದರೆ ಅಲ್ಲಿ ಚಳಿಗಾಲದಲ್ಲಿ 5.30, ಬೇಸಿಗೆಯಲ್ಲಿ 6.30. ಆ ಹೊತ್ತಿಗೆ ನೀವು ಕೂರಬೇಕೆಂದಿರುವ ಕೆಫೆಗಳ ಬಾಗಿಲೇ ತೆಗೆದಿರುವುದಿಲ್ಲ. ಬೇಗ ತೆರೆಯುವುದು ಆಂಕರ್, ಸ್ಟ್ರೋಕ್‌ನಂಥ ಬೇಕರಿ ಸರಣಿಗಳು. ಅಲ್ಲಿ ನಾಲ್ಕು ಮೇಜು ಇರಬಹುದು, ಆದರೆ ಕೆಲಸಕ್ಕೆ ಹೋಗುವವರ ಸಾಲು, ಕಾಫಿ ಯಂತ್ರದ ಸದ್ದಿನ ನಡುವೆ ಮೀಟಿಂಗ್ ಆಗದ ಮಾತು. ಹಾಗಾಗಿ ಬೆಳಗಿನ ಮೊದಲ ಮೂರ್ನಾಲ್ಕು ತಾಸು ಮನೆಯಲ್ಲಿ ಕರೆಗಳನ್ನು ಮುಗಿಸಿಕೊಳ್ಳಿ. ತಂಗಿ ಎದ್ದು ಕೆಲಸಕ್ಕೆ ಹೊರಡುವ ಹೊತ್ತಿಗೆ ನಿಮ್ಮದೂ ಅರ್ಧ ಆಗಿರುತ್ತದೆ. ಬೆಂಗಳೂರಿನವರು ಸಂಜೆ 7ಕ್ಕೆ ಮನೆಗೆ ಹೋದಾಗ ನಿಮಗಿನ್ನೂ ಮಧ್ಯಾಹ್ನ 2.30 ಅಥವಾ 3.30. ಆಮೇಲೆ ಯಾರೂ ಪಿಂಗ್ ಮಾಡದ ಹೊತ್ತು. ಕೋಡ್ ಬರೆಯುವುದು, ಡಾಕ್ಯುಮೆಂಟ್ ಓದುವುದು, ರಿವ್ಯೂ ಮಾಡುವುದು ಎಲ್ಲ ಆಗ. ಕೆಫೆಗೆ ಒಪ್ಪುವುದೂ ಇದೇ.

ನೀವಿರುವಾಗಲೇ ಸಮಯ ಬದಲಾಗುತ್ತದೆ, ಮರೆಯಬೇಡಿ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ. ಬೆಂಗಳೂರಿನವರು ಕಳಿಸಿದ ಆಹ್ವಾನಗಳು ಭಾರತದ ಸಮಯಕ್ಕೆ ಕಟ್ಟಿಕೊಂಡಿರುವುದರಿಂದ ಸೋಮವಾರದಿಂದ ಅವೆಲ್ಲ ನಿಮ್ಮ ಕ್ಯಾಲೆಂಡರ್‌ನಲ್ಲಿ ಒಂದು ಗಂಟೆ ತಡವಾಗಿ ಕಾಣುತ್ತವೆ. ವಿಯೆನ್ನಾ ಸಮಯಕ್ಕೆ ನೀವೇ ಕಳಿಸಿದವು ಮಾತ್ರ ಬೆಂಗಳೂರಿನವರಿಗೆ ಒಂದು ಗಂಟೆ ಮುಂಚೆ ಬರುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಎರಡನೇ ಗಡಿಯಾರ ಇಟ್ಟುಕೊಳ್ಳಿ.

ಈಗ ಎಲ್ಲಿ ಕೂರುವುದು. ವಿಯೆನ್ನಾದಲ್ಲಿ ಎರಡು ಬಗೆಯ ಕೆಫೆಗಳಿವೆ, ಎರಡರ ಸ್ವಭಾವವೂ ಬೇರೆ. ಒಂದು ಹಳೆಯ ಕಾಫಿಹೌಸ್: ಸ್ಪೆರ್ಲ್ (1880), ಪ್ರ್ಯೂಕೆಲ್, ಯೆಲಿನೆಕ್, ವೈಡಿಂಗರ್ ಇಂಥವು. ಇನ್ನೊಂದು ಈಚಿನ ಸ್ಪೆಷಾಲಿಟಿ ಕಾಫಿ ಅಂಗಡಿಗಳು, ಹೆಚ್ಚಾಗಿ ನೊಯ್‌ಬೌ, ಮಾರಿಯಾಹಿಲ್ಫ್, ಆಲ್ಸರ್‌ಗ್ರುಂಡ್ ಬಡಾವಣೆಗಳಲ್ಲಿ, ಅಂದರೆ 7, 6 ಮತ್ತು 9ನೇ ಜಿಲ್ಲೆಗಳಲ್ಲಿ. ಹೊಸಬರು ನೇರ ಎರಡನೆಯದಕ್ಕೆ ನುಗ್ಗುತ್ತಾರೆ. ವೈಫೈ ಚುರುಕು, ಕಾಫಿಯೂ ಚೆನ್ನ. ಆದರೆ ಜಾಗ ಚಿಕ್ಕದು, ಬಹುಪಾಲು ಸಂಜೆ ಐದಾರಕ್ಕೆ ಮುಚ್ಚುತ್ತವೆ, ಹತ್ತು ಮೇಜಿನಲ್ಲಿ ಆರು ಜನ ಲ್ಯಾಪ್‌ಟಾಪ್ ಹಿಡಿದು ಕೂತರೆ ಅಂಗಡಿಯವರಿಗೆ ಬಾಡಿಗೆ ಹುಟ್ಟುವುದಿಲ್ಲ. ಅದಕ್ಕೇ ಹಲವು ಕಡೆ ವಾರಾಂತ್ಯದಲ್ಲಿ ಲ್ಯಾಪ್‌ಟಾಪ್ ಬೇಡ ಎನ್ನುತ್ತಾರೆ, ಕೆಲವು ಕಡೆ ಊಟದ ಹೊತ್ತಿಗೆ ಅಥವಾ ಕೆಲವೇ ಮೇಜುಗಳಿಗೆ ಎಂದು ಮಿತಿ ಹಾಕುತ್ತಾರೆ. ಮೇಜಿನ ಮೇಲೆ ಗೆರೆ ಎಳೆದ ಲ್ಯಾಪ್‌ಟಾಪ್ ಚಿತ್ರವೋ, 'ಕೈನೆ ಲ್ಯಾಪ್‌ಟಾಪ್ಸ್' (ಲ್ಯಾಪ್‌ಟಾಪ್ ಬೇಡ) ಎಂಬ ಚೀಟಿಯೋ ಇದೆಯೇ ನೋಡಿ. ಇಲ್ಲದಿದ್ದರೂ ಒಮ್ಮೆ ಕೇಳಿಬಿಡಿ: "ಡಾರ್ಫ್ ಇಶ್ ಹೀಯರ್ ಮಿಟ್ ಡೇಮ್ ಲ್ಯಾಪ್‌ಟಾಪ್ ಆರ್ಬೈಟನ್?" (ಇಲ್ಲಿ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಬಹುದೇ?) ಕೇಳಿ ಕೂತವರನ್ನು ನೋಡುವ ಕಣ್ಣೇ ಬೇರೆ.

ಮಧ್ಯಾಹ್ನದ ಪಾಳಿಗೆ ನನ್ನ ಮತ ಹಳೆಯ ಕಾಫಿಹೌಸ್‌ಗೆ. ಒಂದೇ ಕಾಫಿ ಹೇಳಿ ಪತ್ರಿಕೆ ಓದುತ್ತಾ ಗಂಟೆಗಟ್ಟಲೆ ಕೂರುವುದು ಅಲ್ಲಿನ ಪದ್ಧತಿ. ಈ ಕಾಫಿಹೌಸ್ ಸಂಸ್ಕೃತಿಯನ್ನು 2011ರಲ್ಲಿ ಆಸ್ಟ್ರಿಯಾದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿಸಿದ್ದಾರೆ. ಪೇಟರ್ ಆಲ್ಟೆನ್‌ಬೆರ್ಗ್ ಎಂಬ ಲೇಖಕ ಕೆಫೆ ಸೆಂಟ್ರಲ್ ಅನ್ನೇ ತನ್ನ ಅಂಚೆ ವಿಳಾಸವಾಗಿ ಕೊಡುತ್ತಿದ್ದ, ಆತನ ಬೊಂಬೆ ಈಗಲೂ ಅಲ್ಲಿ ಬಾಗಿಲ ಬಳಿ ಕೂತಿದೆ. (ಸೆಂಟ್ರಲ್‌ಗೆ ಕೆಲಸ ಹೊತ್ತು ಹೋಗಬೇಡಿ. ಹೊರಗೆ ಪ್ರವಾಸಿಗರ ಸಾಲು ಇರುತ್ತದೆ. ನೋಡಲು ಒಮ್ಮೆ ಹೋಗಿ ಬನ್ನಿ.) ಆದರೆ ಆ ಸಲುಗೆ ಓದುವವರಿಗೆ, ಬರೆಯುವವರಿಗೆ ಕೊಟ್ಟದ್ದು. ಎತ್ತರದ ಚಾವಣಿಯ ಆ ಸಭಾಂಗಣದಲ್ಲಿ ಒಬ್ಬರು ಜೋರಾಗಿ "ಕೇಳಿಸ್ತಿದ್ಯಾ, ಕೇಳಿಸ್ತಿದ್ಯಾ" ಎಂದರೆ ಕೊನೆಯ ಮೇಜಿನವರೆಗೂ ಮುಟ್ಟುತ್ತದೆ. ತುರ್ತು ಕರೆ ಬಂದರೆ ಎದ್ದು ಹೊರಗೆ ಹೋಗಿ, ಲ್ಯಾಪ್‌ಟಾಪ್ ಕೈಯಲ್ಲೇ ಇರಲಿ. ಶೌಚಾಲಯಕ್ಕೆ ಹೋಗುವಾಗಲೂ ಹಾಗೆಯೇ. ಚಾರ್ಜರ್ ಮತ್ತು ಕೋಟು ಬಿಟ್ಟರೆ ಸಾಕು, ಮೇಜು ನಿಮ್ಮದೇ ಎಂದು ಗೊತ್ತಾಗುತ್ತದೆ.

ಒಳಗೆ ಹೋಗಿ "ಗ್ರ್ಯೂಸ್ ಗಾಟ್" ಎಂದು ನಮಸ್ಕಾರ ಹೇಳಿ, 'ರಿಸರ್‌ವೀರ್ಟ್' (ಕಾಯ್ದಿರಿಸಿದೆ) ಫಲಕ ಇಲ್ಲದ ಮೇಜಿಗೆ ನೀವೇ ಹೋಗಿ ಕೂರಿ. ಬರೀ "ಕಾಫಿ" ಎಂದರೆ ಯಾವುದು ಎಂದು ಮರುಪ್ರಶ್ನೆ ಬರುತ್ತದೆ. ಮೆಲಾಂಜ್ ಎಂದರೆ ಎಸ್ಪ್ರೆಸೋಗೆ ಬಿಸಿ ಹಾಲು, ನೊರೆ, ಕ್ಯಾಪುಚಿನೋಗೆ ಹತ್ತಿರ. ಫೆರ್‌ಲೆಂಗರ್ಟರ್ ಎಂದರೆ ನೀರು ಬೆರೆಸಿ ಉದ್ದ ಮಾಡಿದ್ದು. ಫಿಲ್ಟರ್ ಕಾಫಿಯ ಗಟ್ಟಿಗೆ ಒಗ್ಗಿದ ನಾಲಿಗೆಗೆ ಗ್ರೋಸರ್ ಬ್ರೌನರ್ ಹಿಡಿಸೀತು: ಎರಡು ಅಳತೆಯ ಡಿಕಾಕ್ಷನ್‌ನಂಥ ಕಪ್ಪು ಕಾಫಿ, ಪಕ್ಕದಲ್ಲಿ ಸಣ್ಣ ಪಾತ್ರೆಯಲ್ಲಿ ಹಾಲು ಅಥವಾ ಕ್ರೀಮ್. ಜೊತೆಗೆ ತಟ್ಟೆಯಲ್ಲಿ ಒಂದು ಲೋಟ ನೀರು ಬರುತ್ತದೆ. ಧೈರ್ಯವಾಗಿ ಕುಡಿಯಿರಿ. ನಗರದ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಊಟೆಗಳಿಂದ ಬರುತ್ತದೆ, ಮೊದಲ ಕೊಳವೆ ಮಾರ್ಗ 1873ರದ್ದು.

ಮೆಲಾಂಜ್ ಬೆಲೆ 5 ಯೂರೋ ಆಸುಪಾಸು, ಹೆಸರಾಂತ ಜಾಗಗಳಲ್ಲಿ ಇನ್ನೂ ಹೆಚ್ಚು. ನನ್ನ ಲೆಕ್ಕ ಹೀಗೆ: ಒಂದೂವರೆಯಿಂದ ಎರಡು ಗಂಟೆಗೆ ಒಮ್ಮೆ ಏನಾದರೂ ಹೇಳಬೇಕು, ನಾಲ್ಕು ಗಂಟೆ ಕೂತರೆ ಎರಡು ಕಾಫಿ, ಒಂದು ತಿಂಡಿ. ಅರ್ಧ ದಿನಕ್ಕೆ 15 ಯೂರೋ ಇಟ್ಟುಕೊಳ್ಳಿ. 12ರಿಂದ 2ರವರೆಗೆ ಊಟದ ಗಿರಾಕಿಗಳ ಹೊತ್ತು. ಆಗ ನೀವೂ ಊಟ ಹೇಳುವುದಾದರೆ ಮಾತ್ರ ಕೂರಿ, ಇಲ್ಲವೇ 2ರ ನಂತರ ಹೋಗಿ. ಸಸ್ಯಾಹಾರಿಯಾಗಿದ್ದರೆ ಸೂಪ್ ವಿಷಯದಲ್ಲಿ ಎಚ್ಚರ: ಫ್ರಿಟಾಟೆನ್‌ಸುಪ್ಪೆ ಎಂದು ದೋಸೆ ಚೂರಿನಂಥದ್ದು ತೇಲುವ ಸಾರು ಕೊಡುತ್ತಾರೆ, ಆ ಸಾರು ದನದ ಮಾಂಸದ್ದು. ಮಾಂಸ ಬೇಡವಾದರೆ ಸೇಬಿನ ಸ್ಟ್ರೂಡೆಲ್ ಸಲೀಸು. ಮೊಟ್ಟೆಯೂ ಬೇಡವೆಂದರೆ ಪ್ರತಿ ತಿಂಡಿಗೂ ಕೇಳಿಯೇ ಹೇಳಬೇಕು. ದುಡ್ಡು ಕೊಡುವಾಗ "ತ್ಸಾಲನ್, ಬಿಟ್ಟೆ" ಎನ್ನಿ. ಬಿಲ್ಲು 5.60 ಆದರೆ "ಸೆಕ್ಸ್", ಅಂದರೆ ಆರು ಎಂದು ಹೇಳಿ ಕೊಡುವುದು ವಾಡಿಕೆ, ಉಳಿದದ್ದು ಟಿಪ್ಸ್. ಕಾರ್ಡ್ ತೆಗೆದುಕೊಳ್ಳದ ಜಾಗಗಳು ಇನ್ನೂ ಇವೆ, ಜೇಬಿನಲ್ಲಿ 20 ಯೂರೋ ನಗದು ಇರಲಿ.

ಹಳೆಯ ಕಾಫಿಹೌಸ್‌ನ ಕೊರತೆ ಪ್ಲಗ್ ಪಾಯಿಂಟ್. ಇಡೀ ಹಾಲ್‌ಗೆ ನಾಲ್ಕೈದು ಇದ್ದರೆ ಹೆಚ್ಚು, ಅದೂ ವ್ಯಾಕ್ಯೂಮ್ ಕ್ಲೀನರ್‌ಗೆಂದು ಮೂಲೆಯಲ್ಲಿ. ಅದಕ್ಕೆ ಪವರ್ ಬ್ಯಾಂಕ್ ನೆಚ್ಚಿಕೊಳ್ಳಿ. 20,000 ಎಂಎಎಚ್ ಎಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್. ಪರಿವರ್ತನೆಯ ನಷ್ಟ ಕಳೆದು ಸುಮಾರು 60 ಕೈಗೆ ಸಿಗುತ್ತದೆ, ಸಾಮಾನ್ಯ ಲ್ಯಾಪ್‌ಟಾಪ್‌ಗೆ ಒಂದು ಪೂರ್ತಿ ಚಾರ್ಜ್. ಆದರೆ ಔಟ್‌ಪುಟ್ ನೋಡಿ ಕೊಳ್ಳಬೇಕು. ಫೋನ್‌ಗೆಂದು ಮಾರುವ 22.5 ವ್ಯಾಟ್‌ನದ್ದಕ್ಕೆ ಲ್ಯಾಪ್‌ಟಾಪ್ ಬಗ್ಗುವುದಿಲ್ಲ, ಯುಎಸ್‌ಬಿ-ಸಿ ಪಿಡಿ (ಪವರ್ ಡೆಲಿವರಿ) 65 ವ್ಯಾಟ್ ಬೇಕು. ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗೆ ಬಿಡುತ್ತಾರೆ, ಅದೂ ಕೈಚೀಲದಲ್ಲಿ ಮಾತ್ರ.

ಪ್ಲಗ್‌ನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಆಸ್ಟ್ರಿಯಾದ ಸಾಕೆಟ್ ಗೋಡೆಯೊಳಗೆ ದುಂಡಗೆ ತಗ್ಗಾಗಿರುತ್ತದೆ, ಶೂಕೋ ಎನ್ನುತ್ತಾರೆ. ನಮ್ಮ ಮೂರು ಪಿನ್ನಿನ ಪ್ಲಗ್ ಹೋಗುವುದೇ ಇಲ್ಲ. ಏರ್‌ಪೋರ್ಟ್‌ನಲ್ಲಿ ಮಾರುವ ಚೌಕಾಕಾರದ ಯೂನಿವರ್ಸಲ್ ಅಡಾಪ್ಟರ್ ಆ ತಗ್ಗಿನೊಳಗೆ ಪೂರ್ತಿ ಇಳಿಯದೆ, ಚಾರ್ಜರ್ ಇಟ್ಟಿಗೆಯ ಭಾರಕ್ಕೆ ಜೋತು ಬೀಳುತ್ತದೆ, ಕನೆಕ್ಷನ್ ಬಂದು ಹೋಗಿ ಮಾಡುತ್ತದೆ. ಅಡಾಪ್ಟರ್ ಕೊಳ್ಳಲೇಬೇಡಿ. ನಿಮ್ಮ ಚಾರ್ಜರ್‌ನಿಂದ ಕಳಚುವ ವೈರ್ ಇದೆಯಲ್ಲ, ಮೂರು ಎಲೆ ಆಕಾರದ ತುದಿಯದ್ದು, ಅದರ ಹೆಸರು ಸಿ5. ಒಂದು ಕಡೆ ಸಿ5, ಇನ್ನೊಂದು ಕಡೆ ಶೂಕೋ ಇರುವ ವೈರ್ ಅಲ್ಲಿ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ವೋಲ್ಟೇಜ್ ನಮ್ಮದೇ 230, ಇಟ್ಟಿಗೆ ಹಾಗೆಯೇ ಇರಲಿ. ಎರಡು ಮೀಟರ್ ಉದ್ದದ್ದು ತೆಗೆದುಕೊಳ್ಳಿ, ನಡೆದಾಡುವ ದಾರಿಗೆ ಅಡ್ಡ ಹಾಯಿಸಬೇಡಿ.

ಕೂರುವ ಭಂಗಿಯೂ ಮುಖ್ಯ. ಕಾಫಿಹೌಸ್‌ಗಳಲ್ಲಿ ಕಾಣುವ ಬಾಗಿಸಿದ ಮರದ ಕುರ್ಚಿ, 1859ರ ಥೋನೆಟ್ 14ರ ವಂಶದ್ದು, ನೋಡಲು ಚೆಂದ, ಮೂರು ಗಂಟೆ ಟೈಪ್ ಮಾಡಲು ಬೆನ್ನಿಗೆ ಆಸರೆಯಿಲ್ಲ. ಗೋಡೆ ಪಕ್ಕದ ಮೆತ್ತೆಯ ಬೆಂಚು ಇನ್ನೂ ಕೆಟ್ಟದ್ದು: ಕೂತರೆ ಕುಸಿಯುತ್ತದೆ, ಮೊಣಕೈ ಮೇಜಿಗಿಂತ ಕೆಳಗಿಳಿಯುತ್ತದೆ, ಭುಜ ಎತ್ತಿಕೊಂಡೇ ಟೈಪ್ ಮಾಡಿ ಸಂಜೆಗೆ ಕತ್ತು ಹಿಡಿಯುತ್ತದೆ. ಬೆಂಚಿನ ಮೇಲೆ ಮಡಿಸಿದ ಕೋಟು ಹಾಕಿ ಕೂರಿ. ದುಂಡು ಅಮೃತಶಿಲೆ ಮೇಜಿನ ಮೇಲೆ ಲ್ಯಾಪ್‌ಟಾಪ್, ಕಾಫಿ ತಟ್ಟೆ ಇಟ್ಟರೆ ಮೌಸ್‌ಗೆ ಜಾಗವಿಲ್ಲ. ಎಕ್ಸೆಲ್ ಕೆಲಸವಿದ್ದ ದಿನ ಚೌಕ ಮೇಜು ಹುಡುಕಿ. ಏಪ್ರಿಲ್‌ನಲ್ಲಿ ಫುಟ್‌ಪಾತ್ ಮೇಲೆ ಶಾನಿಗಾರ್ಟನ್, ಅಂದರೆ ಕೆಫೆಯ ಹೊರಗಿನ ಕುರ್ಚಿ-ಮೇಜು, ಹಾಕುತ್ತಾರೆ, ಹೊರಗೆ ಕೂರುವ ಆಸೆ ಆಗುತ್ತದೆ. ಬಿಸಿಲಿಗೆ ಸಾಮಾನ್ಯ ಲ್ಯಾಪ್‌ಟಾಪ್‌ನ ಪರದೆ ಏನೂ ಕಾಣಿಸದು.

ವೈಫೈ ಪಾಸ್‌ವರ್ಡ್ ವೇಟರ್‌ನನ್ನು ಕೇಳಿ, ಕೆಲವು ಕಡೆ ಮೆನುವಿನಲ್ಲೇ ಇರುತ್ತದೆ. ಸೇರಿಕೊಂಡರೂ ಏನೂ ತೆರೆಯದಿದ್ದರೆ ವೈಫೈ ಬಳಸುವ ಮುಂಚೆ ಒಪ್ಪಿಗೆ ಕೇಳುವ ಪುಟ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಸದಾ ಚಾಲೂ ಇರುವ ವಿಪಿಎನ್ (ಆಫೀಸ್ ನೆಟ್‌ವರ್ಕ್‌ಗೆ ಹೋಗುವ ಸುರಕ್ಷಿತ ದಾರಿ) ಅಥವಾ ಪ್ರೈವೇಟ್ ಡಿಎನ್‌ಎಸ್ ಆ ಪುಟವನ್ನು ಬರಗೊಡುವುದಿಲ್ಲ. ಅವೆರಡನ್ನೂ ನಿಲ್ಲಿಸಿ, ಎಚ್‌ಟಿಟಿಪಿ ಮಾತ್ರ ಇರುವ ಯಾವುದಾದರೂ ಸೈಟ್ ತೆರೆಯಿರಿ, ಪುಟ ಬರುತ್ತದೆ, ಒಪ್ಪಿ, ಆಮೇಲೆ ವಿಪಿಎನ್ ಹಾಕಿ. ವೈಫೈ ಇದ್ದೂ ವಿಪಿಎನ್ ಸೇರದಿದ್ದರೆ ಅಲ್ಲಿನ ರೂಟರ್ ಯುಡಿಪಿ ಎಂಬ ಸಂಪರ್ಕ ವಿಧಾನವನ್ನು ತಡೆಯುತ್ತಿರಬಹುದು, ಸಾಮಾನ್ಯ ವೆಬ್‌ಸೈಟ್‌ಗಳು ಬಳಸುವ ಟಿಸಿಪಿ 443ಕ್ಕೆ ಬದಲಿಸುವ ಆಯ್ಕೆ ಇದೆಯೇ ಎಂದು ನಿಮ್ಮ ಐಟಿಯವರನ್ನು ಹೊರಡುವ ಮುಂಚೆಯೇ ಕೇಳಿಟ್ಟುಕೊಳ್ಳಿ. ವಿದೇಶದ ಐಪಿಯಿಂದ ಲಾಗಿನ್ ಆದರೆ ಖಾತೆ ಲಾಕ್ ಆಗುತ್ತದೆಯೇ ಎಂಬುದನ್ನೂ ಆಗಲೇ ಕೇಳಿ. ಒಟಿಪಿ ಎಸ್‌ಎಂಎಸ್‌ಗೆ ಬರುವುದಾದರೆ ಭಾರತದ ಸಿಮ್‌ಗೆ ಅಂತಾರಾಷ್ಟ್ರೀಯ ರೋಮಿಂಗ್ ಇಲ್ಲಿಂದಲೇ ಹಾಕಿಸಿಕೊಂಡು ಹೋಗಿ. ಸಾಧ್ಯವಿದ್ದರೆ ಆಫೀಸ್ ಲಾಗಿನ್ ಅನ್ನು ಅಥೆಂಟಿಕೇಟರ್ ಆ್ಯಪ್‌ಗೆ ಬದಲಿಸಿ.

ಕೆಫೆಯ ವೈಫೈ ಒಂದನ್ನೇ ನಂಬಬೇಡಿ. ಹೋಫರ್ ಸೂಪರ್‌ಮಾರ್ಕೆಟ್‌ನಲ್ಲಿ ಹಾಟ್ ಎಂಬ ಪ್ರೀಪೇಯ್ಡ್ ಸಿಮ್ ಸಿಗುತ್ತದೆ, ಮಜೆಂಟಾ ನೆಟ್‌ವರ್ಕ್ ಮೇಲೆ ಓಡುತ್ತದೆ. ಗುರುತಿನ ನೋಂದಣಿ ಕಡ್ಡಾಯ, ಪಾಸ್‌ಪೋರ್ಟ್ ಒಯ್ಯಿರಿ. ಗುಂಪಿನ ವಿಡಿಯೋ ಕರೆಗೆ ಗಂಟೆಗೆ 1 ಜಿಬಿಗೆ ಕಮ್ಮಿಯಿಲ್ಲದಂತೆ ಲೆಕ್ಕ ಹಿಡಿದು ಪ್ಯಾಕ್ ಆರಿಸಿ. ಹಳೆಯ ಕಟ್ಟಡಗಳ ಗೋಡೆ ದಪ್ಪ, ಒಳಗೆ ಹೋದಂತೆ ಸಿಗ್ನಲ್ ಸಾಯುತ್ತದೆ, ಫೋನ್ ಅನ್ನು ಕಿಟಕಿಯ ಬಳಿ ಇಡಿ.

ಪ್ರತಿದಿನ 15 ಯೂರೋ ಹೊರೆ ಎನಿಸಿದರೆ ಗ್ರಂಥಾಲಯಗಳಿವೆ. ಯು6 ಮೆಟ್ರೋದ ಬುರ್ಗ್‌ಗಾಸ್ಸೆ-ಸ್ಟಾಟ್‌ಹಾಲೆ ನಿಲ್ದಾಣದ ಮೇಲೆಯೇ 2003ರಲ್ಲಿ ತೆರೆದ ನಗರದ ಮುಖ್ಯ ಗ್ರಂಥಾಲಯ ಹೌಪ್ಟ್‌ಬ್ಯೂಖರೈ ಇದೆ. ಒಳಗೆ ಹೋಗಲು ದುಡ್ಡಿಲ್ಲ, ಮೇಜು, ಪ್ಲಗ್ ಎರಡೂ ಉಂಟು. ಬೆಳಿಗ್ಗೆ ಬೇಗ ತೆರೆಯುವುದಿಲ್ಲ, ನಿಮಗೆ ಬೇಕಾದ್ದು ಮಧ್ಯಾಹ್ನವಾದ್ದರಿಂದ ಚಿಂತೆಯಿಲ್ಲ. ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳು ತುಂಬಿಕೊಳ್ಳುತ್ತಾರೆ. ಜಾಗ ಸಿಗದಿದ್ದರೆ ಕೆಫೆ ವೈಡಿಂಗರ್ ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಈ ಜೋಡಿ ನನಗೆ ಬಹಳ ಒಪ್ಪಿತ. ಈಸ್ಟರ್ ಸೋಮವಾರ ಸಾರ್ವಜನಿಕ ರಜೆ, ಅಂದು ಗ್ರಂಥಾಲಯದ ಆಸೆ ಬಿಡಿ. ಮಧ್ಯಾಹ್ನ ತಪ್ಪಿಸಲಾಗದ ದೊಡ್ಡ ಮೀಟಿಂಗ್ ಇರುವ ದಿನ ಮಾತ್ರ ಬಾಡಿಗೆಗೆ ಮೇಜು ಕೊಡುವ ಕೋವರ್ಕಿಂಗ್ ಜಾಗಕ್ಕೆ ದಿನದ ಪಾಸ್ ಮಾಡಿಸಿ. ಫೋನ್ ಬೂತ್ ಇದೆಯೇ, ಅದು ಪಾಸ್‌ನಲ್ಲಿ ಸೇರಿದೆಯೇ ಎಂದು ಕೇಳಿಯೇ ದುಡ್ಡು ಕಟ್ಟಿ.

ನೀವು ಕೇಳದಿದ್ದರೂ ಒಂದು ಹೇಳಲೇಬೇಕು. ಆಸ್ಟ್ರಿಯಾ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು, ಆದರೆ ಅದು ಕೆಲಸದ ಪರವಾನಗಿ ಅಲ್ಲ. ಆಸ್ಟ್ರಿಯಾದಲ್ಲಿ ಹೀಗೆ ದೂರದಿಂದ ಕೆಲಸ ಮಾಡುವವರಿಗೆಂದು ಡಿಜಿಟಲ್ ನೊಮ್ಯಾಡ್ ವೀಸಾ ಎಂಬ ಪ್ರತ್ಯೇಕ ವೀಸಾ ಇಲ್ಲ. "ಕಂಪನಿ ಭಾರತದ್ದು, ಸಂಬಳ ಭಾರತದಲ್ಲಿ, ಹಾಗಾಗಿ ಪರವಾಗಿಲ್ಲ" ಎಂದು ಯಾರೋ ಹೇಳಿದ್ದನ್ನು ನಂಬಿ ಟಿಕೆಟ್ ತೆಗೆಯಬೇಡಿ. ದೆಹಲಿಯ ಆಸ್ಟ್ರಿಯಾ ರಾಯಭಾರ ಕಚೇರಿಗೆ ನಿಮ್ಮ ಪರಿಸ್ಥಿತಿಯನ್ನು ಇದ್ದ ಹಾಗೆ ಬರೆದು ಉತ್ತರ ಪಡೆಯಿರಿ, ಕಂಪನಿಯ ಎಚ್‌ಆರ್‌ನಿಂದ ದಿನಾಂಕ ಸಮೇತ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಕಂಪನಿಯ ಲ್ಯಾಪ್‌ಟಾಪ್ ದೇಶದಿಂದ ಹೊರಗೆ ಒಯ್ಯಲು ಬೇರೆಯೇ ಅನುಮತಿ ಬೇಕೇ ಎಂಬುದನ್ನೂ ಅದೇ ಮೇಲ್‌ನಲ್ಲಿ ಕೇಳಿ. ಇವೆರಡಕ್ಕೂ ವಾರಗಳು ಹಿಡಿಯುತ್ತವೆ, ವೈರ್ ಮತ್ತು ಪವರ್ ಬ್ಯಾಂಕ್‌ಗಿಂತ ಮೊದಲು ಇದನ್ನು ಶುರು ಮಾಡಿ.