ಬಳ್ಳಾರಿ ಬಿಸಿಲಿಗೆ ಬಿಳಿಚಿದ ಅನಿಮೋನ್

ಪ್ರಶ್ನೆ: ಮನೆಯಲ್ಲಿ ನೂರು ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಮೂರು ತಿಂಗಳಾಯಿತು. ಒಂದು ಜೋಡಿ ಕ್ಲೌನ್ ಫಿಶ್, ಒಂದು ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಇವೆ. ಹದಿನೈದು ದಿನದಿಂದ ಅನಿಮೋನ್ ಮುದುಡಿಕೊಂಡು ಬೆಳ್ಳಗಾಗುತ್ತಿದೆ. ಮೀನುಗಳು ಅದರ ಹತ್ತಿರವೂ ಸುಳಿಯದೆ ಫಿಲ್ಟರ್ ಪೈಪಿನ ಮಗ್ಗುಲಲ್ಲೇ ಮಲಗುತ್ತವೆ. ಬೋರ್ ನೀರು ಮುಟ್ಟಿಲ್ಲ, ಆರ್‌ಓ ನೀರೇ ಬಳಸುವುದು. ಬಿಸಿಲು ಏರಿದ ಮೇಲೆ ದಿನಕ್ಕೆ ಒಂದು ಲೀಟರ್‌ನಷ್ಟು ನೀರು ಇಳಿಯುತ್ತಿದೆ; ಅಷ್ಟನ್ನೂ ಅಕ್ವೇರಿಯಂ ಉಪ್ಪು ಬೆರೆಸಿಯೇ ತುಂಬುತ್ತಿದ್ದೇವೆ. ತಪ್ಪೆಲ್ಲಿ ಸರ್?
– ಕೌಲ್ ಬಜಾರ್, ಬಳ್ಳಾರಿ

ಉತ್ತರ: ಆ ಉಪ್ಪು ಬೆರೆಸಿ ತುಂಬುವುದರಲ್ಲೇ. ಒಲೆಯ ಮೇಲೆ ಸಾರು ಬತ್ತಿದರೆ ಉಪ್ಪಾಗುತ್ತದಲ್ಲ, ಆಗ ಯಾರೂ ಉಪ್ಪುನೀರು ಹೊಯ್ಯುವುದಿಲ್ಲ. ಅಕ್ವೇರಿಯಂನಲ್ಲೂ ಆವಿಯಾಗುವುದು ಬರೀ ನೀರು. ಉಪ್ಪು ಅಲ್ಲೇ ಉಳಿಯುತ್ತದೆ. ಲೆಕ್ಕ ಹಾಕಿ: ಲೀಟರಿಗೆ 35 ಗ್ರಾಂನಂತೆ ನೂರು ಲೀಟರಿಗೆ ಮೂರೂವರೆ ಕಿಲೋ ಉಪ್ಪು. ದಿನಕ್ಕೆ 35 ಗ್ರಾಂ ಹೆಚ್ಚುತ್ತಾ ಹೋದರೆ ಹದಿನೈದು ದಿನಕ್ಕೆ ಅರ್ಧ ಕಿಲೋ ದಾಟುತ್ತದೆ, ಅಂದರೆ ಲೀಟರಿಗೆ 40 ಗ್ರಾಂ. ಮೀನು ಹೇಗೋ ತಡೆದುಕೊಂಡಿದೆ, ಅನಿಮೋನ್‌ಗೆ ಆ ಶಕ್ತಿಯಿಲ್ಲ. ಇನ್ನು ಮುಂದೆ ಇಳಿದಷ್ಟಕ್ಕೆ ಸಪ್ಪೆ ಆರ್‌ಓ ನೀರು ಮಾತ್ರ. ಅದಲ್ಲದೆ ದಿನಕ್ಕೆ ಮೂರು ಲೀಟರ್ ಉಪ್ಪುನೀರು ತೆಗೆದು ಅಷ್ಟೇ ಸಪ್ಪೆ ನೀರು ಹಾಕಿ. ನಾಲ್ಕು ದಿನವಾದ ಮೇಲೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ, ನೀರಿನ ಸಾಂದ್ರತೆ 1.025ರ ಆಸುಪಾಸಿಗೆ ಬಂದಿರಬೇಕು. ಅವಸರಪಟ್ಟು ಒಂದೇ ದಿನಕ್ಕೆ ಇಳಿಸಿದರೆ ಅದೇ ಇನ್ನೊಂದು ಪೆಟ್ಟು.

ಬೆಳ್ಳಗಾಗಲು ಉಪ್ಪೊಂದೇ ಕಾರಣವಿರಲಾರದು. ಅನಿಮೋನ್‌ನ ಮೈಯೊಳಗೆ ಕಣ್ಣಿಗೆ ಕಾಣದ ಕಂದು ಪಾಚಿ ಇರುತ್ತದೆ. ಅದು ಬೆಳಕಿನಲ್ಲಿ ಅಡುಗೆ ಮಾಡಿ ಅನಿಮೋನ್‌ಗೂ ಬಡಿಸುತ್ತದೆ. ನೀರು 30 ಡಿಗ್ರಿ ದಾಟಿ ಕಾದರೆ ಅನಿಮೋನ್ ಆ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಆಮೇಲೆ ನಿಧಾನವಾಗಿ ಉಪವಾಸ ಬೀಳುತ್ತದೆ. ಹೊರಗೆ ನಲವತ್ತು ಡಿಗ್ರಿ ಇರುವ ನಮ್ಮೂರಲ್ಲಿ ಇದು ಸುಲಭವಾಗಿ ಆಗಿಬಿಡುವಂಥದ್ದು. ನೀರನ್ನು 25ರಿಂದ 27 ಡಿಗ್ರಿಯೊಳಗೆ ಇಡಿ. ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್, ದುಬಾರಿ. ಮೊದಲು ಮುಚ್ಚಳ ತೆಗೆದು ಜಾಳಿಗೆ ಹಾಸಿ, ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ತಿರುಗಿಸಿ. ಗಡಿಗೆಯ ನೀರು ತಣ್ಣಗಾಗುವ ಲೆಕ್ಕವೇ ಇದು. ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಇದು ಅಷ್ಟು ನಡೆಯದು, ಬಳ್ಳಾರಿಯ ಒಣ ಬಿಸಿಲಲ್ಲಿ ಚೆನ್ನಾಗಿ ನಡೆಯುತ್ತದೆ. ಬಿಸಿಲಿನಿಂದಲೂ ಇದೊಂದು ಉಪಕಾರ! ಫ್ಯಾನ್ ಹಾಕಿದರೆ ನೀರು ಇನ್ನೂ ಬೇಗ ಇಳಿಯುತ್ತದೆ, ಆಗ ಸಪ್ಪೆ ನೀರು ನೆನಪಿರಲಿ. ಕರೆಂಟ್ ಹೋದಾಗಿನ ಮಾತು ಬೇರೆ, ಬ್ಯಾಟರಿಯ ಏರ್ ಪಂಪ್ ಇಲ್ಲದಿದ್ದರೆ ಇವತ್ತೇ ತನ್ನಿ.

ಹಸಿ ಸಿಗಡಿಯ ತೊಗರಿಕಾಳಿನಷ್ಟು ತುಂಡನ್ನು ವಾರಕ್ಕೆರಡು ಸಲ ಅನಿಮೋನ್‌ನ ಬಾಯಿ ಸುತ್ತಲಿನ ಬೆರಳಿನಂಥ ಎಳೆಗಳ ಬಳಿ ಇಡಿ. ಹಿಡಿಯದೆ ಬಿಟ್ಟರೆ ತಕ್ಷಣ ತೆಗೆದುಬಿಡಿ, ಕೊಳೆಯುವುದು ಬೇಡ. ಬಾಯಿ ತೆರೆದುಕೊಂಡೇ ಇದ್ದು, ಮೈ ಕಳಚಿ, ಕೊಳೆತ ವಾಸನೆ ಬಂದರೆ ಮುಗಿಯಿತು. ಕೂಡಲೇ ಹೊರತೆಗೆಯಿರಿ, ಸತ್ತ ಅನಿಮೋನ್ ಒಂದು ರಾತ್ರಿಯಲ್ಲಿ ನೀರನ್ನೆಲ್ಲ ಕೆಡಿಸಿ ಮೀನನ್ನೂ ಕೊಲ್ಲುತ್ತದೆ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ತಾಮ್ರ ಇರುವ ಔಷಧಿಯನ್ನು ಈ ತೊಟ್ಟಿಗೆ ಹಾಕಿದ್ದೀರಾ? ಹಾಕಿದ್ದರೆ ಬಿಳಿಚಲು ಅದೂ ಸಾಕು. ಅಂಥ ಔಷಧಿಗೆ ಬೇರೆ ಬಕೆಟ್ ಬೇಕು.

ಮೀನು ಹತ್ತಿರ ಹೋಗದಿರುವುದು ದೋಷವಲ್ಲ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನಿಗೆ ಅನಿಮೋನ್ ಅಂದರೇನೆಂದೇ ಗೊತ್ತಿರುವುದಿಲ್ಲ. ಕಡಲಲ್ಲಿ ಅದು ಬೇಟೆಗಾರರಿಂದ ತಪ್ಪಿಸಿಕೊಳ್ಳಲು ಅನಿಮೋನ್‌ನ ಮರೆ ಸೇರುತ್ತದೆ. ನಿಮ್ಮ ತೊಟ್ಟಿಯಲ್ಲಿ ಅಟ್ಟಿಸಿಕೊಂಡು ಬರುವವರು ಯಾರಿದ್ದಾರೆ? ಅನಿಮೋನ್ ಇಲ್ಲದೆಯೂ ಅದು ಸುಖವಾಗಿರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಆರು ತಿಂಗಳು ತುಂಬದ ತೊಟ್ಟಿಗೆ ಅನಿಮೋನ್ ತರಲೇಬಾರದಿತ್ತು. ಇದು ಹೋದರೆ ಮುಂದಿನದಕ್ಕೆ ಅವಸರ ಬೇಡ. ಗುಲಾಬಿ, ಕಡು ಹಳದಿಯ ಬಣ್ಣ ಕಂಡು ಮರುಳಾಗಲೂಬೇಡಿ. ಬಣ್ಣ ಹಾಕಿ ಮಾರುವವರಿದ್ದಾರೆ.

ಪ್ರಶ್ನೆ: ನಮ್ಮ ಎರಡು ಕ್ಲೌನ್ ಮೀನುಗಳಲ್ಲಿ ದೊಡ್ಡದು ಚಿಕ್ಕದನ್ನು ಕಚ್ಚುತ್ತದೆ. ಎರಡೂ ಗಂಡಾ?
– ಕೊಪ್ಪಳ

ಉತ್ತರ: ಈ ಜಾತಿಯಲ್ಲಿ ಹುಟ್ಟುವುದೆಲ್ಲ ಗಂಡೇ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಜೊತೆಗಿದ್ದ ಗಂಡು ಹೆಣ್ಣಾಗಿ ಬದಲಾಗುತ್ತದೆ. ಈಗ ನಡೆಯುತ್ತಿರುವುದು ಯಜಮಾನಿಕೆಯ ಜಗಳ. ಚಿಕ್ಕದು ಮೈ ನಡುಗಿಸಿ ಶರಣಾದರೆ ಜೋಡಿ ಕೂಡಿತೆಂದು ತಿಳಿಯಿರಿ. ರೆಕ್ಕೆ ಹರಿದು ಮೂಲೆಗೆ ಸೇರಿದ್ದರೆ ಮಾತ್ರ ಬೇರ್ಪಡಿಸಿ.

ಪ್ರಶ್ನೆ: ರಾಮೇಶ್ವರಕ್ಕೆ ಹೋದಾಗ ಹವಳದ ಕಲ್ಲು ಸಿಕ್ಕರೆ ತೊಟ್ಟಿಗೆ ತರಬಹುದೇ?
– ರಾಯಚೂರು

ಉತ್ತರ: ಬೇಡ. ಹವಳಗಳು 2001ರಿಂದಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಅಲ್ಲಿಂದ ಕ್ಯಾನ್‌ನಲ್ಲಿ ಸಮುದ್ರದ ನೀರು ತರುವ ಯೋಚನೆಯಿದ್ದರೆ ಅದೂ ಬೇಡ. ದಡದ ನೀರಲ್ಲಿ ಕೊಳಕೂ ಇರುತ್ತದೆ, ಮಳೆಗಾಲದಲ್ಲಿ ಉಪ್ಪೂ ಕಡಿಮೆ. ಅಂಗಡಿಯಲ್ಲಿ ಸಿಗುವ ಸಿರಾಮಿಕ್ ಕಲ್ಲು ಸಾಕು.